ಬೆಂಗಳೂರಿನ ಬಾಲ್ಕನಿಯಲ್ಲಿ ಕೊತ್ತಂಬರಿ ಸೊಪ್ಪು: ಮೂರು ಬಾರಿ ಬಿತ್ತಿದರೂ ಕೈಗೆ ಹತ್ತಲಿಲ್ಲ

ಪ್ರಶ್ನೆ (ವಿದ್ಯಾರಣ್ಯಪುರದಿಂದ, ನವೆಂಬರ್ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ನಾವು ವಿದ್ಯಾರಣ್ಯಪುರದಲ್ಲಿ ಎರಡನೇ ಮಹಡಿಯ ಮನೆಯೊಂದರಲ್ಲಿ ವಾಸವಾಗಿದ್ದೇವೆ. ಮನೆಗೆ ಎರಡು ಬಾಲ್ಕನಿಗಳಿವೆ. ಪಶ್ಚಿಮದ ಕಡೆಗಿರುವುದು ದೊಡ್ಡದು. ಅಲ್ಲಿ ಮಧ್ಯಾಹ್ನ ಒಂದು ಗಂಟೆಯಿಂದ ಸಂಜೆಯವರೆಗೂ ಬಿಸಿಲು ಬೀಳುತ್ತದೆ. ಪೂರ್ವದ ಕಡೆಗಿರುವುದು ಬಟ್ಟೆ ಒಗೆಯುವ ಕಿರಿದಾದ ಜಾಗ. ಅಲ್ಲಿ ಬೆಳಗಿನ ಬಿಸಿಲು ಹತ್ತೂವರೆಯವರೆಗೆ ಮಾತ್ರ ಇರುತ್ತದೆ. ನನ್ನ ಕುಂಡಗಳೆಲ್ಲ ದೊಡ್ಡ ಬಾಲ್ಕನಿಯಲ್ಲಿವೆ.

ನಮ್ಮ ಮನೆಯಲ್ಲಿ ಸಾರು, ಹುಳಿ, ಉಪ್ಪಿಟ್ಟು ಯಾವುದಕ್ಕೂ ಕೊನೆಯಲ್ಲಿ ನಾಲ್ಕು ಎಸಳು ಕೊತ್ತಂಬರಿ ಬೀಳದಿದ್ದರೆ ಅಡುಗೆ ಮುಗಿದಂತೆ ಆಗುವುದಿಲ್ಲ. ದಿನಕ್ಕೆ ಬೇಕಾಗುವುದು ಒಂದು ಸಣ್ಣ ಹಿಡಿಯಷ್ಟೇ. ಅದಕ್ಕಾಗಿ ಒಂದು ಕಟ್ಟು ತಂದರೆ ಅರ್ಧ ಉಪಯೋಗಕ್ಕೆ ಬಂದು, ಉಳಿದರ್ಧ ಫ್ರಿಜ್‌ನಲ್ಲಿ ಹಳದಿಯಾಗಿ ಲೋಳೆಗಟ್ಟುತ್ತದೆ. ಹಾಗಾಗಿ ಮನೆಯಲ್ಲಿಯೇ ಬೆಳೆಯಬೇಕೆಂಬ ಆಸೆಯಿಂದ ಈ ವರ್ಷ ಮೂರು ಬಾರಿ ಪ್ರಯತ್ನಿಸಿದೆ.

ಮೊದಲ ಬಾರಿ ಮಾರ್ಚ್ ಕೊನೆಯಲ್ಲಿ ಅಡುಗೆಮನೆಯ ಡಬ್ಬಿಯಲ್ಲಿದ್ದ ಧನಿಯಾವನ್ನೇ ಇಡೀ ಕಾಳಾಗಿ ಎರಡು ಬೆರಳು ಆಳದಲ್ಲಿ ಬಿತ್ತಿದೆ. ಹದಿನೆಂಟು ದಿನಗಳ ನಂತರ ಅಲ್ಲೊಂದು ಇಲ್ಲೊಂದು ಮೊಳಕೆ ಬಂದವು. ಒಂದು ತಿಂಗಳು ತುಂಬುವ ಮೊದಲೇ ನಡುವಿನಿಂದ ಸುಳಿ ಎದ್ದು, ಎಲೆಗಳು ಸಬ್ಬಸಿಗೆಯಂತೆ ಸಣ್ಣಗೆ ಸೀಳಿಕೊಂಡು, ಹೂವು ಬಿಟ್ಟವು. ಎರಡನೇ ಬಾರಿ ಜುಲೈನಲ್ಲಿ ಕಾಗದದ ಲೋಟಗಳಲ್ಲಿ ಸಸಿ ಮಾಡಿ ನಂತರ ದೊಡ್ಡ ಕುಂಡಕ್ಕೆ ಬದಲಾಯಿಸಿದೆ. ಅರ್ಧದಷ್ಟು ಮರುದಿನವೇ ಬಾಡಿದವು, ಉಳಿದವು ವಾರದೊಳಗೆ ಬುಡದಲ್ಲಿ ನೀರುಗಟ್ಟಿದಂತಾಗಿ ಮಲಗಿಬಿಟ್ಟವು. ಮೂರನೇ ಬಾರಿ ಸೆಪ್ಟೆಂಬರ್‌ನಲ್ಲಿ ಅಂಗಡಿಯಿಂದ ಬೀಜದ ಪೊಟ್ಟಣ ತಂದು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯನ್ನು ನೆನೆಸಿ, ಅದಕ್ಕೆ ಎರಡು ಹಿಡಿ ಎರೆಗೊಬ್ಬರ ಬೆರೆಸಿ, ನೇರವಾಗಿ ಅದರಲ್ಲೇ ಬಿತ್ತಿದೆ. ಮೊಳಕೆ ಚೆನ್ನಾಗಿ ಬಂತು. ಆದರೆ ಗಿಡಗಳು ಎರಡು ಇಂಚಿಗೆ ನಿಂತು, ಕೆಳಗಿನ ಎಲೆಗಳು ಹಳದಿಯಾಗಿ, ಅಂಚುಗಳು ಸುಟ್ಟಂತೆ ಕಂದಾದವು. ನಮ್ಮಲ್ಲಿ ಬರುವುದು ಬೋರ್‌ವೆಲ್ ನೀರು. ದಿನಕ್ಕೆ ಎರಡು ಹೊತ್ತು ಹಾಕುತ್ತಿದ್ದೆ.

ಅತ್ತೆಯವರು ಇದನ್ನು ಕೈಗುಣ ಎನ್ನುತ್ತಾರೆ. ನನಗೆ ಕಾರಣ ತಿಳಿಯಬೇಕು. ಈಗ ಚಳಿ ಶುರುವಾಗಿದೆ, ಮತ್ತೊಮ್ಮೆ ಬಿತ್ತಬೇಕೆಂದಿದ್ದೇನೆ. ಯಾವ ಬೀಜ, ಯಾವ ಮಣ್ಣು, ಎಷ್ಟು ನೀರು, ಒಮ್ಮೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆಯೇ ಎಂಬುದನ್ನು ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ (ಬನಶಂಕರಿ ಎರಡನೇ ಹಂತದಿಂದ)

ನಿಮ್ಮ ವಿವರಣೆ ಸ್ಪಷ್ಟವಾಗಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಮೂರು ಬಾರಿಯ ಸೋಲನ್ನು ನೀವು ಒಂದೇ ಸೋಲೆಂದು ಭಾವಿಸಿದ್ದೀರಿ. ಆದರೆ ಮಾರ್ಚ್‌ನಲ್ಲಿ ಕೆಟ್ಟದ್ದು ಕಾಲ, ಜುಲೈನಲ್ಲಿ ಕೆಟ್ಟದ್ದು ಸಸಿ ಬದಲಾಯಿಸಿದ್ದು, ಸೆಪ್ಟೆಂಬರ್‌ನಲ್ಲಿ ಕೆಟ್ಟದ್ದು ಮಣ್ಣು ಮತ್ತು ನೀರು. ಕೈಗುಣದ ಮಾತು ಇಲ್ಲಿ ಎಲ್ಲಿಯೂ ಬರುವುದಿಲ್ಲ. ನಾನು ನಮ್ಮ ತಾರಸಿಯಲ್ಲಿ ಒಂಬತ್ತು ವರ್ಷಗಳಿಂದ ಸೊಪ್ಪು ಬೆಳೆಯುತ್ತಿದ್ದೇನೆ. ದಂಟು, ಪಾಲಕ್, ಮೆಂತ್ಯಗಳಿಗೆ ಹೋಲಿಸಿದರೆ ಕೊತ್ತಂಬರಿಯೇ ಹೆಚ್ಚು ಗಮನ ಬೇಡುವ ಸೊಪ್ಪೆಂಬುದು ನನ್ನ ಅನುಭವ.

ಮೊದಲಿಗೆ ತಿಳಿಯಬೇಕಾದದ್ದು ಇಷ್ಟು: ಕೊತ್ತಂಬರಿ ತುಳಸಿಯಂತೆ, ಕರಿಬೇವಿನಂತೆ ಇಟ್ಟುಕೊಂಡು ಸಾಕುವ ಗಿಡವಲ್ಲ. ಹುಟ್ಟಿ, ಎಲೆ ಬಿಟ್ಟು, ಹೂವಾಗಿ, ಬೀಜ ಕಟ್ಟಿ ಸಾಯುವುದು ಅದರ ಜೀವನಕ್ರಮ. ನಮಗೆ ಬೇಕಾದ ಸೊಪ್ಪು ಆ ಜೀವನದ ನಡುವಿನ ಮೂರು ನಾಲ್ಕು ವಾರಗಳಲ್ಲಿ ಮಾತ್ರ ಸಿಗುತ್ತದೆ. ಬಿಸಿಲು ಏರಿದಂತೆ, ಹಗಲು ಉದ್ದವಾದಂತೆ ಗಿಡ ಆ ಅವಧಿಯನ್ನು ಇನ್ನಷ್ಟು ಕಿರಿದು ಮಾಡಿಕೊಂಡು ಹೂವಿಗೆ ಅವಸರಿಸುತ್ತದೆ. ನಮ್ಮ ಬೆಂಗಳೂರಿನಲ್ಲಿ ಡಿಸೆಂಬರ್‌ನ ಹಗಲಿಗೂ ಜೂನ್‌ನ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆಯಷ್ಟೇ ಆದ್ದರಿಂದ, ಇಲ್ಲಿ ಗಿಡವನ್ನು ಅವಸರಪಡಿಸುವುದು ಮುಖ್ಯವಾಗಿ ಶಾಖವೇ. ಡಿಸೆಂಬರ್, ಜನವರಿಯಲ್ಲಿ ಹಗಲು 27–28 ಡಿಗ್ರಿ ಸೆಲ್ಸಿಯಸ್, ಬೆಳಗಿನ ಜಾವ 15–16 ಡಿಗ್ರಿ ಇರುತ್ತದೆ. ಕೊತ್ತಂಬರಿಗೆ ಇದಕ್ಕಿಂತ ಹಿತವಾದ ಕಾಲ ನಮ್ಮಲ್ಲಿಲ್ಲ. ಮಾರ್ಚ್ ಕೊನೆಯ ವೇಳೆಗೆ ಹಗಲು 33–34 ಡಿಗ್ರಿ ದಾಟುತ್ತದೆ. ಅದರ ಮೇಲೆ ನಿಮ್ಮದು ಪಶ್ಚಿಮದ ಬಾಲ್ಕನಿ: ಮಧ್ಯಾಹ್ನದ ಬಿಸಿಲು ಗೋಡೆಯನ್ನೂ ನೆಲವನ್ನೂ ಕಾಯಿಸಿ, ಆ ಕಾವನ್ನು ಸಂಜೆಯಾದ ಮೇಲೂ ಕುಂಡದ ಸುತ್ತ ಹಿಡಿದಿಡುತ್ತದೆ. ಎಲೆ ಸಬ್ಬಸಿಗೆಯಂತೆ ಸೀಳಿಕೊಳ್ಳುವುದು ರೋಗವಲ್ಲ, ಗಿಡ ಹೂವಿಗೆ ಹೊರಟಿತೆಂಬುದರ ಸೂಚನೆ. ಒಮ್ಮೆ ಸುಳಿ ಎದ್ದ ಮೇಲೆ ಅದನ್ನು ಎಷ್ಟು ಚಿವುಟಿದರೂ ಮೊದಲಿನ ಅಗಲ ಎಲೆಗಳು ಮರಳಿ ಬರುವುದಿಲ್ಲ.

ಆದ್ದರಿಂದ ನಿಮ್ಮ ಕೊತ್ತಂಬರಿಯನ್ನು ಬಟ್ಟೆ ಒಗೆಯುವ ಪೂರ್ವದ ಬಾಲ್ಕನಿಗೆ ಸ್ಥಳಾಂತರಿಸಿ. ಬೆಳಗ್ಗೆ ಮೂರು ನಾಲ್ಕು ಗಂಟೆ ಕಾಲ ಎಳೆಬಿಸಿಲು, ಉಳಿದ ಹೊತ್ತು ನೇರ ಬಿಸಿಲಿಲ್ಲದ ಬೆಳಕು ಇದ್ದರೆ ಸಾಕು. ದೊಡ್ಡ ಬಾಲ್ಕನಿಯಲ್ಲೇ ಇಡಬೇಕೆಂದಿದ್ದರೆ ಶೇ. 50ರ ಹಸಿರು ನೆರಳುಬಲೆ ಕಟ್ಟಿ, ಕುಂಡವನ್ನು ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಗಳ ಮೇಲಿಡಿ.

ಬೀಜದ ವಿಚಾರಕ್ಕೆ ಬಂದರೆ, ಕಿರಾಣಿ ಅಂಗಡಿಯ ಧನಿಯಾ ಹೆಚ್ಚಾಗಿ ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್‌ಗಳಲ್ಲಿ ಕಾಳಿಗಾಗಿಯೇ ಬೆಳೆದ ತಳಿ. ಬೇಗ ಹೂವಾಗಿ ತುಂಬ ಕಾಳು ಕಟ್ಟುವುದೇ ಆ ತಳಿಗಳ ಗುಣ. ಸೊಪ್ಪಿಗೆ ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧವಾದದ್ದು. ಡಬ್ಬಿಯಲ್ಲಿ ಎಷ್ಟು ದಿನದಿಂದ ಇತ್ತೆಂಬುದೂ ಗೊತ್ತಿರುವುದಿಲ್ಲ. ಅದು ಮೊಳೆಯುವುದಿಲ್ಲವೆಂದಲ್ಲ, ಚಳಿಗಾಲದಲ್ಲಿ ನಾನೂ ಕೆಲವೊಮ್ಮೆ ಅದನ್ನೇ ಬಿತ್ತಿದ್ದೇನೆ. ಆದರೆ ಬಿಸಿಲು ಬಂದಾಗ ಮೊದಲು ಸುಳಿ ಏಳುವುದು ಅದರಲ್ಲೇ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸೊಪ್ಪಿಗಾಗಿಯೇ ಅಭಿವೃದ್ಧಿಪಡಿಸಿದ ಅರ್ಕಾ ಇಶಾ ಎಂಬ ತಳಿ ಇದೆ. ಪೊದೆಯಾಗಿ ಬೆಳೆದು, ಎಲೆ ಅಗಲವಾಗಿ, ತಡವಾಗಿ ಹೂವಿಗೆ ಬಂದು, ಒಂದಕ್ಕಿಂತ ಹೆಚ್ಚು ಬಾರಿ ಕೊಯ್ಯಲು ಬರುವ ತಳಿ ಅದು. ವಿದ್ಯಾರಣ್ಯಪುರದಿಂದ ಹೆಸರಘಟ್ಟ ದೂರವೇನಲ್ಲ, ವಿಚಾರಿಸಿ ನೋಡಿ. ಕೃಷಿ ಅಂಗಡಿಯ ಪೊಟ್ಟಣದಲ್ಲಿ ಗುಲಾಬಿ ಅಥವಾ ನೀಲಿ ಬಣ್ಣ ಲೇಪಿಸಿದ ಬೀಜ ಬಂದರೆ ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಬಿತ್ತಿದ ಮೇಲೆ ಕೈತೊಳೆಯಿರಿ, ಉಳಿದದ್ದನ್ನು ಅಪ್ಪಿತಪ್ಪಿಯೂ ಅಡುಗೆಮನೆಯಲ್ಲಿ ಇಡಬೇಡಿ.

ಇನ್ನು ಜುಲೈನ ಲೋಟಗಳು. ಕೊತ್ತಂಬರಿ ಕ್ಯಾರೆಟ್ಟಿನ, ಜೀರಿಗೆಯ, ಸಬ್ಬಸಿಗೆಯ ಕುಟುಂಬಕ್ಕೆ ಸೇರಿದ್ದು. ಮೊಳೆತ ಕೂಡಲೇ ತಾಯಿಬೇರನ್ನು ನೇರವಾಗಿ ಕೆಳಕ್ಕೆ ಇಳಿಸುವುದು ಈ ಕುಟುಂಬದ ಗುಣ. ಮೂರೆಲೆಯ ಸಸಿಗೆ ಆಗಲೇ ಬೆರಳುದ್ದದ ಬೇರಿರುತ್ತದೆ. ಕೀಳುವಾಗ ಅದರ ತುದಿ ಮುರಿದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ, ಚೇತರಿಸಿಕೊಂಡರೂ ಆ ಪೆಟ್ಟಿಗೆ ಬೇಗ ಹೂವಾಗುತ್ತದೆ. ಟೊಮೆಟೊ, ಬದನೆಗೆ ಸರಿಹೋಗುವ ಕ್ರಮ ಇದಕ್ಕೆ ಸಲ್ಲದು. ಎಂಟರಿಂದ ಹತ್ತು ಇಂಚು ಆಳದ, ಬಾಯಿ ಅಗಲವಾದ ಕುಂಡದಲ್ಲಿ, ಗಿಡ ಎಲ್ಲಿ ಬೆಳೆಯಬೇಕೋ ಅಲ್ಲಿಯೇ ಬಿತ್ತಿ.

ನಾಲ್ಕು ಕುಂಡಗಳಿದ್ದರೆ ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ಒಂದನ್ನು ಇಂದು, ಇನ್ನೊಂದನ್ನು ಹನ್ನೆರಡು ದಿನದ ಮೇಲೆ, ಹೀಗೆ ಸರತಿಯಲ್ಲಿ ಬಿತ್ತುತ್ತಾ ಹೋಗಿ. ನಾಲ್ಕನೆಯದು ಮೊಳೆಯುವಷ್ಟರಲ್ಲಿ ಮೊದಲನೆಯದು ಕೊಯ್ಯಲು ಬಂದಿರುತ್ತದೆ. ನನ್ನ ತಾರಸಿಯಲ್ಲಿ ಇದೊಂದು ಕ್ರಮ ಹಿಡಿದ ಮೇಲೆಯೇ ದಿನವೂ ಸೊಪ್ಪು ಸಿಗಲು ಶುರುವಾದದ್ದು. ಅದಕ್ಕೆ ಮೊದಲು ಒಂದು ವಾರ ಹೊರೆಯಷ್ಟು ಸೊಪ್ಪು ಬಂದು, ಮುಂದಿನ ಐದು ವಾರ ಏನೂ ಇರುತ್ತಿರಲಿಲ್ಲ.

ಉತ್ತರ (ಕೆ.ಆರ್. ಪುರದಿಂದ)

ನನ್ನ ತವರು ಮಾಲೂರಿನ ಬಳಿಯ ಹಳ್ಳಿ. ಅಲ್ಲಿ ನಮ್ಮ ತಂದೆಯವರು ಮಾರುಕಟ್ಟೆಗಾಗಿ ಕೊತ್ತಂಬರಿ ಬೆಳೆಯುತ್ತಿದ್ದರು. ರಾತ್ರಿ ಕಿತ್ತು, ಕಟ್ಟು ಕಟ್ಟಿ, ಬೆಳಕು ಹರಿಯುವ ಮೊದಲೇ ಕೆ.ಆರ್. ಮಾರುಕಟ್ಟೆಗೆ ತಲುಪಿಸುತ್ತಿದ್ದದ್ದನ್ನು ನೋಡುತ್ತಲೇ ಬೆಳೆದವಳು ನಾನು. ಮೇಲಿನವರು ಹೇಳಿದ ಬಹುಪಾಲು ಮಾತುಗಳನ್ನು ಒಪ್ಪುತ್ತೇನೆ. ಬಿತ್ತುವ ಕ್ರಮವನ್ನು ಮಾತ್ರ ನಾನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಅರ್ಧ ಬೆಳೆ ಅಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ನಾವು ಕಾಳು ಎನ್ನುವ ಆ ಗುಂಡು ಬೀಜ ವಾಸ್ತವವಾಗಿ ಒಂದು ಒಣಹಣ್ಣು. ಅದರೊಳಗೆ ಬೆನ್ನಿಗೆ ಬೆನ್ನು ಕೊಟ್ಟಂತೆ ಎರಡು ಬೀಜಗಳಿರುತ್ತವೆ. ಇಡಿಯಾಗಿ ಬಿತ್ತಿದರೆ ನೀರು ಒಳಗಿಳಿಯಲು ತಡವಾಗುತ್ತದೆ, ಎರಡು ಮೊಳಕೆಗಳು ಒಂದೇ ಜಾಗದಲ್ಲಿ ಇಕ್ಕಟ್ಟಾಗುತ್ತವೆ. ಆದ್ದರಿಂದ ಕಾಳನ್ನು ಎರಡು ಬೇಳೆಯಾಗಿ ಒಡೆಯಬೇಕು. ನಮ್ಮ ಮನೆಯಲ್ಲಿ ಗೋಣಿಚೀಲದ ಮೇಲೆ ಹರಡಿ ಮರದ ಹಲಗೆಯಿಂದ ಉಜ್ಜುತ್ತಿದ್ದರು. ನಿಮಗೆ ಬೇಕಾದ ಒಂದು ಹಿಡಿಗೆ ಚಪಾತಿ ಮಣೆಯ ಮೇಲೆ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿದರೆ ಸಾಕು. ಕೈ ಭಾರವಾಗಬಾರದು. ಕಾಳು ಎರಡಾಗಬೇಕೇ ಹೊರತು ನುಚ್ಚಾಗಬಾರದು, ನುಚ್ಚಾದ ಬೀಜ ಮಣ್ಣಿನಲ್ಲಿ ಕೊಳೆಯುತ್ತದೆ. ಒಡೆದದ್ದನ್ನು ಸಂಜೆ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಸಿದು, ಬಟ್ಟೆಯ ಮೇಲೆ ಗಳಿಗೆ ಹೊತ್ತು ಆರಲು ಬಿಟ್ಟರೆ ಒಂದಕ್ಕೊಂದು ಅಂಟದೆ ಬಿತ್ತಲು ಬರುತ್ತದೆ.

ಎರಡು ಬೆರಳು ಆಳ ಬಹಳವಾಯಿತು. ಅರ್ಧ ಇಂಚು ಮಣ್ಣು ಮುಚ್ಚಿದರೆ ಸಾಕು. ಬೀಜದಿಂದ ಬೀಜಕ್ಕೆ ಒಂದು, ಒಂದೂವರೆ ಇಂಚು ಅಂತರ ಬಿಟ್ಟು ಬಿತ್ತಿ, ಮೇಲೆ ಒಣಹುಲ್ಲನ್ನೋ ಹಳೆಯ ಹತ್ತಿಬಟ್ಟೆಯನ್ನೋ ಹೊದಿಸಿ, ಅದರ ಮೇಲೆಯೇ ನೀರು ಚಿಮುಕಿಸಿ. ಹೀಗೆ ಮಾಡಿದರೆ ನೀರಿನ ರಭಸಕ್ಕೆ ಬೀಜ ಮೇಲೇಳುವುದಿಲ್ಲ, ಮೇಲ್ಮಣ್ಣು ಚಕ್ಕೆಗಟ್ಟುವುದಿಲ್ಲ. ಈ ಹವೆಯಲ್ಲಿ ಎಂಟರಿಂದ ಹನ್ನೆರಡು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮೊದಲ ಮೊಳಕೆ ಕಂಡ ದಿನವೇ ಹೊದಿಕೆ ತೆಗೆದುಬಿಡಬೇಕು; ಒಂದೆರಡು ದಿನ ತಡವಾದರೂ ಸಸಿಗಳು ಬೆಳಕಿಗಾಗಿ ಎಳೆದುಕೊಂಡು ಬಿಳಿಚಿಕೊಳ್ಳುತ್ತವೆ.

ನಿಮ್ಮ ಸಸಿಗಳು ಬುಡದಲ್ಲಿ ನೀರುಗಟ್ಟಿ ಮಲಗಿದ್ದು ಸಸಿ ಕೊಳೆರೋಗ. ಮಳೆಗಾಲದಲ್ಲಿ ಮಣ್ಣು ಸದಾ ಹಸಿಯಾಗಿದ್ದು ಗಾಳಿಯಾಡದಿದ್ದರೆ ಮಣ್ಣಿನಲ್ಲಿರುವ ಬೂಷ್ಟು ಎಳೆಯ ಕಾಂಡವನ್ನು ಹಿಡಿಯುತ್ತದೆ. ಅದು ಬಂದ ಮೇಲೆ ಔಷಧಿಯಿಲ್ಲ. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದೆಸೆದು ಉಳಿದವುಗಳಿಗೆ ನೀರು ಕಡಿಮೆ ಮಾಡಬೇಕು, ಅಷ್ಟೇ. ನಮ್ಮೂರಿನಲ್ಲಿ ಮಳೆಗಾಲದ ಕೊತ್ತಂಬರಿಗೆ ಏರುಮಡಿ ಮಾಡುತ್ತಿದ್ದದ್ದು ಇದೇ ಕಾರಣಕ್ಕೆ. ಜೋರು ಮಳೆ ಎರಡು ದಿನ ಹಿಡಿದರೆ ಮಡಿಗೆ ಮಡಿಯೇ ಮಲಗುತ್ತಿತ್ತು, ಅಪ್ಪ ಮಾತಿಲ್ಲದೆ ಬದುವಿನ ಮೇಲೆ ನಿಂತಿರುತ್ತಿದ್ದರು. ಮಳೆಗಾಲದಲ್ಲಿ ಒಂದು ಕಟ್ಟಿನ ಬೆಲೆ ಏರಿದಾಗ ಕೊಳ್ಳುವವರಿಗೆ ಬೇಸರವಾಗುವುದು ಸಹಜ. ಆ ಬೆಲೆಯ ಹಿಂದೆ ಮಲಗಿದ ಮಡಿಗಳಿರುತ್ತವೆಂಬುದು ನನಗೆ ಮರೆಯಲಾಗದು.

ದಿನಕ್ಕೆ ಎರಡು ಹೊತ್ತು ನೀರೆಂಬ ನಿಯಮವನ್ನು ಕೈಬಿಡಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ. ತೇವ ತಾಗಿದರೆ ಆ ದಿನ ನೀರು ಬೇಡ. ಈ ಚಳಿಯಲ್ಲಿ ದಿನ ಬಿಟ್ಟು ದಿನ ಸಾಕಾಗಬಹುದು. ಹಾಕುವುದಾದರೆ ಬೆಳಗ್ಗೆ ಹಾಕಿ, ಬುಡಕ್ಕೆ ಹಾಕಿ, ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ. ಮಣ್ಣು ಪೂರ್ತಿ ಒಣಗಿ ಗಿಡ ಒಮ್ಮೆ ಬಾಡಲೂಬಾರದು, ಏಕೆಂದರೆ ಬಾಯಾರಿದ ಗಿಡವೂ ಹೂವಿಗೆ ಅವಸರಿಸುತ್ತದೆ.

ಕೊಯ್ಲಿನ ಬಗ್ಗೆ ನೀವು ಕೇಳಿದ್ದೀರಿ. ನಾವು ಹೊಲದಲ್ಲಿ ಬೇರುಸಹಿತ ಕೀಳುತ್ತಿದ್ದೆವು, ಏಕೆಂದರೆ ಬೇರಿದ್ದರೆ ಕಟ್ಟು ಬಾಡದೆ ಮಾರುಕಟ್ಟೆ ತಲುಪುತ್ತದೆ. ಮನೆಯ ಕುಂಡದಲ್ಲಿ ಕೀಳುವುದು, ಕತ್ತರಿಸುವುದು ಎರಡನ್ನೂ ಸೇರಿಸಿಕೊಳ್ಳಬಹುದು. ಇಪ್ಪತ್ತೈದನೇ ದಿನದ ಸುಮಾರಿಗೆ ದಟ್ಟವಾಗಿರುವ ಕಡೆ ಎಳೆಯ ಗಿಡಗಳನ್ನು ಕಿತ್ತು ಬಳಸಿ, ಉಳಿದವುಗಳಿಗೆ ಜಾಗವಾಗುತ್ತದೆ. ಗಿಡ ಗೇಣುದ್ದವಾದ ಮೇಲೆ ಹೊರಗಿನ ದೊಡ್ಡ ಎಲೆಗಳನ್ನು ತೊಟ್ಟಿನ ಸಮೇತ ಬುಡದಲ್ಲಿ ಕತ್ತರಿಸಿ, ನಡುವಿನ ಎಳೆ ಸುಳಿಯನ್ನು ಮುಟ್ಟಬೇಡಿ. ಹೀಗೆ ಎರಡು ಮೂರು ಬಾರಿ ಕೊಯ್ಯಬಹುದು. ತುದಿಯಿಂದ ಹೇಗೆಂದರೆ ಹಾಗೆ ಸವರಿದರೆ ಎರಡನೇ ಚಿಗುರು ಬಡಕಲಾಗುತ್ತದೆ. ಗಿಡದ ರಸ ಹೀರುವ ಹೇನು ಕಂಡರೆ ಒಲೆಯ ಬೂದಿ ಎರಚುವುದು ನಮ್ಮಲ್ಲಿ ರೂಢಿ, ನೀವೂ ಮಾಡಿ ನೋಡಬಹುದು.

ಉತ್ತರ (ಯಲಹಂಕದಿಂದ)

ಮೂರನೇ ಬಾರಿಯ ಹಳದಿ ಎಲೆಗಳ ಬಗ್ಗೆ ಯಾರೂ ವಿಸ್ತಾರವಾಗಿ ಬರೆದಿಲ್ಲವಾದ್ದರಿಂದ ಅದಕ್ಕಷ್ಟೇ ಸೀಮಿತವಾಗಿ ಬರೆಯುತ್ತೇನೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ನಮ್ಮ ಮನೆಯದ್ದೂ ಬೋರ್‌ವೆಲ್ ನೀರೇ.

ಕೋಕೋಪೀಟ್ ಎಂದರೆ ತೆಂಗಿನ ನಾರು ತೆಗೆಯುವಾಗ ಉದುರುವ ಪುಡಿ. ಅದು ನೀರನ್ನು ಚೆನ್ನಾಗಿ ಹಿಡಿಯುತ್ತದೆ, ಹಗುರವಾಗಿರುತ್ತದೆ. ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಆಹಾರ ಇಲ್ಲವೆನ್ನುವಷ್ಟು ಕಡಿಮೆ. ಬದಲಾಗಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಸಾಕಷ್ಟು ಉಳಿದಿರುತ್ತವೆ. ಇಟ್ಟಿಗೆಯನ್ನು ಒಮ್ಮೆ ನೆನೆಸಿ ಹಾಗೆಯೇ ಬಳಸಿದರೆ ಆ ಉಪ್ಪೆಲ್ಲ ಕುಂಡದಲ್ಲೇ ಉಳಿಯುತ್ತದೆ. ಅದಕ್ಕೆ ದಿನವೂ ಎರಡು ಹೊತ್ತು ಗಡಸು ನೀರು ಹಾಕಿದಿರಿ. ನೀರು ಆವಿಯಾಗಿ ಹೋಯಿತು, ಅದರಲ್ಲಿದ್ದ ಲವಣ ಹೋಗಲಿಲ್ಲ. ಕುಂಡದ ಅಂಚಿನಲ್ಲೋ ಮಣ್ಣಿನ ಮೇಲೋ ಬಿಳಿ ಪೊರೆ ಕಟ್ಟಿದ್ದನ್ನು ನೀವು ಗಮನಿಸಿರಬಹುದು. ಎಲೆಯ ಅಂಚು ಸುಟ್ಟಂತೆ ಕಂದಾಗುವುದು ಉಪ್ಪು ಹೆಚ್ಚಾದುದರ ಲಕ್ಷಣ. ಕೆಳಗಿನ ಎಲೆಗಳು ಮೊದಲು ಹಳದಿಯಾಗುವುದು ಸಾರಜನಕ ಸಾಲದುದರ ಲಕ್ಷಣ, ಏಕೆಂದರೆ ಗಿಡವು ಹಳೆಯ ಎಲೆಯಲ್ಲಿರುವ ಸಾರಜನಕವನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ. ನಿಮ್ಮ ಗಿಡಕ್ಕೆ ಎರಡೂ ಒಟ್ಟಿಗೇ ಬಂದಿದ್ದವು.

ಇದಕ್ಕೆ ಪರಿಹಾರ ಸರಳ. ಕೋಕೋಪೀಟನ್ನು ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ಕಂದುನೀರನ್ನು ಚೆಲ್ಲಿ, ನೀರು ತಿಳಿಯಾಗುವ ತನಕ ಮೂರು ನಾಲ್ಕು ಬಾರಿ ಹೀಗೆ ತೊಳೆಯಿರಿ. ಅದನ್ನೇ ಪೂರ್ತಿ ಕುಂಡಕ್ಕೆ ತುಂಬದೆ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಮೇಲೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಕಲಸಿ. ಬೆಂಗಳೂರಿನ ಕೆಮ್ಮಣ್ಣು ಒಣಗಿದರೆ ಗಟ್ಟಿಯಾಗುತ್ತದೆ. ಜರಡಿ ಹಿಡಿದ ಮರಳು ಸ್ವಲ್ಪ ಸೇರಿಸಿದರೆ ಬೇರು ಸಲೀಸಾಗಿ ಇಳಿಯುತ್ತದೆ. ಮೊಳೆತು ಮೂರು ವಾರವಾದ ಮೇಲೆ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೀರಿನಲ್ಲಿ ಕಳಿಯಲು ಬಿಟ್ಟು, ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ತೆಳುಮಾಡಿ, ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಅದರ ವಾಸನೆ ಎರಡು ದಿನ ಇರುತ್ತದೆ, ಅಕ್ಕಪಕ್ಕದವರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ನೀರಿನ ವಿಚಾರದಲ್ಲಿ ಒಂದು ಎಚ್ಚರಿಕೆ. 2024ರ ಮಾರ್ಚ್‌ನಲ್ಲಿ ನಗರಕ್ಕೆ ನೀರಿನ ಬರ ಬಂದು, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದಾಗ, ಅನೇಕರು ನೀರು ಶುದ್ಧೀಕರಿಸುವ ಆರ್.ಒ. ಯಂತ್ರದ ತ್ಯಾಜ್ಯ ನೀರನ್ನು ಗಿಡಗಳಿಗೆ ಹಾಕಲು ಆರಂಭಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಆ ಯಂತ್ರ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಸೇರಿಕೊಳ್ಳುವುದು ಆ ತ್ಯಾಜ್ಯದಲ್ಲಿಯೇ. ಬೋರ್‌ವೆಲ್ ನೀರಿಗಿಂತಲೂ ಅದು ಉಪ್ಪು. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ, ಕೊತ್ತಂಬರಿಗೆ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಉಪ್ಪು ಸೇರದಿದ್ದರೆ ಧಾರಾಳವಾಗಿ ಹಾಕಬಹುದು. ಮಳೆನೀರನ್ನು ಒಂದು ಡ್ರಮ್‌ನಲ್ಲಿ ಹಿಡಿದಿಟ್ಟುಕೊಂಡರೆ ಇನ್ನೂ ಉತ್ತಮ. ಬೋರ್‌ವೆಲ್ ನೀರನ್ನೇ ಬಳಸಬೇಕಾದರೆ, ಮೇಲಿನ ಸೋದರಿ ಹೇಳಿದಂತೆ ಪ್ರತಿ ಬಾರಿಯೂ ತಳದಿಂದ ಸ್ವಲ್ಪ ಹೊರಬರುವಷ್ಟು ಹಾಕಿ, ಆ ನೀರು ತಟ್ಟೆಯಲ್ಲಿ ನಿಲ್ಲದಂತೆ ಚೆಲ್ಲಿಬಿಡಿ. ಲವಣ ಅದರೊಂದಿಗೆ ಹೊರಹೋಗುತ್ತದೆ.

ಅವರು ಹೇಳಿದ ಬೂದಿಯ ಬಗ್ಗೆ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ಬೂದಿ ಕ್ಷಾರ, ಗಡಸು ನೀರಿನಿಂದ ಮಣ್ಣು ಆಗಲೇ ಕ್ಷಾರದ ಕಡೆಗೆ ವಾಲಿರುತ್ತದೆ. ಹೊಲದ ವಿಸ್ತಾರದಲ್ಲಿ ಎರಚಿದ ಬೂದಿ ಮಳೆಗೆ ಕರಗಿ ಹಂಚಿಹೋಗುತ್ತದೆ, ಹತ್ತು ಇಂಚಿನ ಕುಂಡದಲ್ಲಿ ಹಾಗಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ (ಡಿಸೆಂಬರ್ ಮೊದಲ ವಾರ)

ಮೂವರಿಗೂ ಮನಃಪೂರ್ವಕ ವಂದನೆಗಳು. ಬಿಳಿ ಪೊರೆ ಇದ್ದದ್ದು ನಿಜ. ಅದನ್ನು ಗೊಬ್ಬರದ ಬೂಷ್ಟೆಂದು ತಿಳಿದು ಕೆರೆದು ಹಾಕಿದ್ದೆ. ಪೂರ್ವದ ಬಾಲ್ಕನಿಯಲ್ಲಿ ಬಟ್ಟೆ ಹಾಕುವ ಹಗ್ಗವನ್ನು ಮೇಲಕ್ಕೆ ಕಟ್ಟಿ ನಾಲ್ಕು ಕುಂಡಗಳಿಗೆ ಜಾಗ ಮಾಡಿದ್ದೇನೆ. ಲಟ್ಟಣಿಗೆಯಿಂದ ಕಾಳು ಒಡೆಯುವುದನ್ನು ಅತ್ತೆಯವರು ತಾವೇ ಕೂತು ಮಾಡಿಕೊಟ್ಟರು. ಮೊದಲ ಕುಂಡ ಭಾನುವಾರ ಬಿತ್ತಿದೆ. ಬೂದಿ ಬೇಡವಾದರೆ ಹೇನಿಗೆ ಏನು ಮಾಡಬೇಕೆಂಬುದನ್ನು ಮಾತ್ರ ತಿಳಿಸಿ.

ಉತ್ತರ (ಮಲ್ಲೇಶ್ವರದಿಂದ)

ಹೇನು ಸಾಮಾನ್ಯವಾಗಿ ಜನವರಿ ನಂತರ, ಒಣಹವೆಯಲ್ಲಿ, ಎಳೆ ಸುಳಿಯ ಮೇಲೆ ಮತ್ತು ಹೂಗೊಂಚಲಿನ ಕೆಳಗೆ ಗುಂಪಾಗಿ ಕೂರುತ್ತದೆ. ಮೊದಲ ದಿನಗಳಲ್ಲಿ ಕಂಡರೆ ಗಿಡವನ್ನು ಕೈಯಲ್ಲಿ ಆನಿಸಿಕೊಂಡು ನೀರು ಚಿಮ್ಮಿಸಿ ತೊಳೆದರೆ ಬಹುಪಾಲು ಹೋಗುತ್ತದೆ. ಹೆಚ್ಚಾದರೆ ಒಂದು ಲೀಟರ್ ನೀರಿಗೆ 3ರಿಂದ 5 ಮಿಲಿ ಲೀಟರ್ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ಕೆಲವು ಹನಿ ಸೋಪಿನ ದ್ರವ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ನಂತರ ಐದಾರು ದಿನ ಸೊಪ್ಪು ಕೊಯ್ಯಬೇಡಿ, ಕೊಯ್ದ ಮೇಲೆ ಚೆನ್ನಾಗಿ ತೊಳೆಯಿರಿ. ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಂಡರೆ ಅದು ಬೂದಿರೋಗ. ಆ ಗಿಡಗಳನ್ನು ಕಿತ್ತು ಕುಂಡಗಳ ನಡುವೆ ಗಾಳಿ ಬಿಡಿ.

ಸಾಧ್ಯವಾದರೆ ಒಂದು ಕುಂಡವನ್ನು ಹೂವಿಗೆ ಬಿಟ್ಟುಬಿಡಿ ಎಂಬುದು ನನ್ನ ಕಳಕಳಿಯ ಕೋರಿಕೆ. ಕೊತ್ತಂಬರಿಯ ಬಿಳಿ ಹೂಗೊಡೆಗಳಿಗೆ ಜೇನುನೊಣಗಳ ಜೊತೆಗೆ, ಗಾಳಿಯಲ್ಲಿ ಒಂದೇ ಕಡೆ ತೇಲಿ ನಿಲ್ಲುವ ಪಟ್ಟೆಪಟ್ಟೆಯ ಚಿಕ್ಕ ನೊಣಗಳೂ ಬರುತ್ತವೆ. ಅವುಗಳ ಮರಿಹುಳುಗಳು ತಿನ್ನುವುದೇ ಹೇನನ್ನು. ನನ್ನ ತಾರಸಿಯಲ್ಲಿ ಹೂವಿನ ಕುಂಡ ಇಟ್ಟ ವರ್ಷಗಳಲ್ಲಿ ಬೇವಿನೆಣ್ಣೆಯ ಅಗತ್ಯವೇ ಬಂದಿಲ್ಲ. ಹೂವು ಉದುರಿ ಕಟ್ಟಿದ ಹಸಿರು ಕಾಳು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಸೊಪ್ಪಿನ ಹಸಿ ಘಮ ಮತ್ತು ಒಣಧನಿಯಾದ ಸಿಹಿ ಘಮ ಬೇರೆಬೇರೆ ಎಣ್ಣೆಗಳಿಂದ ಬರುವಂಥವು. ಹಸಿರು ಕಾಳಿನಲ್ಲಿ ಅವೆರಡೂ ಒಟ್ಟಿಗೆ ಸಿಗುತ್ತವೆ. ಹಸಿಮೆಣಸಿನಕಾಯಿ, ತೆಂಗಿನಕಾಯಿಯ ಜೊತೆ ಒಂದು ಚಮಚ ಹಾಕಿ ಚಟ್ನಿ ರುಬ್ಬಿ ನೋಡಿ.

ಪ್ರಶ್ನೆ ಕೇಳಿದವರಿಂದ (ಫೆಬ್ರವರಿ ಎರಡನೇ ವಾರ)

ಸಲಹೆ ನೀಡಿದವರಿಗೆ ಫಲಿತಾಂಶ ತಿಳಿಸುವುದು ನನ್ನ ಕರ್ತವ್ಯ. ಮೊದಲ ಕುಂಡ ಒಂಬತ್ತನೇ ದಿನ ಮೊಳೆಯಿತು. ಸಂಕ್ರಾಂತಿಯ ಹೊತ್ತಿಗೆ ಅವರೆಕಾಳು ಹುಳಿಗೆ ನಮ್ಮದೇ ಸೊಪ್ಪು ಬಿತ್ತು. ಅದರಿಂದ ಮೂರು ಬಾರಿ ಕೊಯ್ದಿದ್ದೇನೆ. ಎರಡನೆಯದನ್ನು ಈಗ ಕೊಯ್ಯುತ್ತಿದ್ದೇನೆ, ಮೂರನೆಯದು ಗೇಣುದ್ದವಾಗಿದೆ. ನಾಲ್ಕನೇ ಕುಂಡದಲ್ಲಿ ಒಂದು ಮೂಲೆಯ ಸಸಿಗಳು ಬಿದ್ದವು. ಆ ಮೂಲೆಗೆ ಮೇಲಿನ ಮನೆಯ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲ ಕುಂಡದ ಗಿಡಗಳಲ್ಲಿ ಹೆಚ್ಚಿನವು ಸುಳಿ ಎಬ್ಬಿಸಿವೆ, ನಾಲ್ಕೈದು ಮಾತ್ರ ಇನ್ನೂ ಅಗಲ ಎಲೆಯಲ್ಲಿಯೇ ಇವೆ. ಹೂವಿಗೆ ಬಿಡುವುದಾದರೆ ಯಾವುದನ್ನು ಬಿಡಬೇಕು, ಆ ಬೀಜವನ್ನು ಮುಂದಿನ ವರ್ಷ ಬಿತ್ತಬಹುದೇ?

ಉತ್ತರ (ಬನಶಂಕರಿ ಎರಡನೇ ಹಂತದಿಂದ)

ಬಹಳ ಸಂತೋಷವಾಯಿತು. ಬೀಜಕ್ಕೆ ಬಿಡಬೇಕಾದದ್ದು ಆ ತಡವಾದ ನಾಲ್ಕೈದು ಗಿಡಗಳನ್ನೇ. ಸುಳಿ ಎದ್ದವುಗಳನ್ನು ಹೂವಾಗುವ ಮೊದಲೇ ಕಿತ್ತು ಚಟ್ನಿಗೋ ಸಾರಿಗೋ ಬಳಸಿ. ಬಿಟ್ಟರೆ ಜೇನುನೊಣಗಳು ಪರಾಗವನ್ನು ಬೆರೆಸುತ್ತವೆ, ಬೇಗ ಹೂವಾಗುವ ಗುಣ ನಿಮ್ಮ ಬೀಜದೊಳಗೂ ಸೇರುತ್ತದೆ. ಹಸಿರು ಕಾಳಿನ ಆಸೆಗೆ ಒಂದೆರಡು ಹೂಗೊಡೆಗಳನ್ನು ಚಿವುಟಿಕೊಂಡರೆ ತೊಂದರೆಯಿಲ್ಲ. ಉಳಿದವು ಕಂದು ಬಣ್ಣಕ್ಕೆ ತಿರುಗಿದಾಗ ಗಿಡವನ್ನು ಬುಡದಲ್ಲಿ ಕತ್ತರಿಸಿ, ಕಾಗದದ ಚೀಲದೊಳಗೆ ತಲೆಕೆಳಗಾಗಿ ತೂಗುಹಾಕಿ, ಎರಡು ವಾರದ ನಂತರ ಉದುರಿದ ಕಾಳನ್ನು ಬೇರೆ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಒಡೆಯುವುದನ್ನು ಬಿತ್ತುವ ಹಿಂದಿನ ದಿನ ಮಾತ್ರ ಮಾಡಿ. ಮಾರ್ಚ್ ಹದಿನೈದರ ನಂತರ ಹೊಸದಾಗಿ ಬಿತ್ತದೆ, ಆ ಕುಂಡಗಳಲ್ಲಿ ದಂಟಿನ ಬೀಜ ಚೆಲ್ಲಿ. ಬೇಸಿಗೆಯ ಬಿಸಿಲನ್ನು ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಕೊತ್ತಂಬರಿಯನ್ನು ಸೆಪ್ಟೆಂಬರ್ ಮಳೆ ಇಳಿಮುಖವಾದ ಮೇಲೆ ಮತ್ತೆ ಆರಂಭಿಸಿ, ಅದಕ್ಕೆ ಮೊದಲು ಮೇಲಿನ ಮನೆಯ ಪೈಪ್ ಸರಿಪಡಿಸಿಕೊಳ್ಳಿ.